ಹುಳವಿಲ್ಲದ ಬಾವಿ

ಅನಂತಮತಮ್ಮನವರು ಬೆಳಗ್ಗೆ ಎದ್ದು ಮೊದಲು ಮಾಡುವ ಕೆಲಸ ನೀರು ಗಾಳಿಸುವುದು. ಜ್ವರವಿರಲಿ, ಮನೆ ತುಂಬ ನೆಂಟರಿರಲಿ, ಅದು ತಪ್ಪಿಲ್ಲ. ಗಂಡ ತೀರಿಕೊಂಡ ದಿನವೂ ತಪ್ಪಲಿಲ್ಲ. "ಅಳೋಕೆ ಬಂದೋರಿಗೆಲ್ಲ ಕುಡಿಯೋಕೆ ನೀರು ಬೇಕಿತ್ತಲ್ಲ" ಎಂದು ಅವರೇ ಹೇಳುತ್ತಾರೆ.

ಸೂರ್ಯ ಹುಟ್ಟಿ ಹಿತ್ತಿಲ ಕಲ್ಲಿನ ಮೇಲೆ ಬೆಳಕು ಬಿದ್ದ ಮೇಲೆ ಬಾವಿಗೆ ಹೋಗುತ್ತಾರೆ. ರಾಟೆಗೆ ಹಗ್ಗ ಹಾಕಿ ಸೇದಿ, ಬಿಂದಿಗೆಯ ಬಾಯಿಗೆ ಎರಡು ಮಡಿಕೆ ಮಾಡಿದ ಮಂದವಾದ ಹತ್ತಿ ಬಟ್ಟೆ ಹಾಸಿ, ನೀರನ್ನು ಸಣ್ಣಗೆ ಹುಯ್ಯುತ್ತಾರೆ. ಅಷ್ಟು ಮಾಡುವವರು ಇನ್ನೂ ಕೆಲವರು ಸಿಗುತ್ತಾರೆ. ಅದರ ಮುಂದಿನ ಕೆಲಸ ಮಾಡುವವರು ಈಗ ನಮ್ಮ ಕಡೆ ಅವರೊಬ್ಬರೇ. ಬಟ್ಟೆಯನ್ನು ಹಿಂಡುವಂತಿಲ್ಲ. ಹಿಂಡಿದರೆ ಅದರಲ್ಲಿ ಸಿಕ್ಕಿಕೊಂಡ ಹುಳಗಳು ಸಾಯುತ್ತವೆ. ಬಟ್ಟೆಯನ್ನು ಬೋರಲು ಮಾಡಿ, ಗಾಳಿಸಿದ ನೀರನ್ನೇ ಮೇಲಿನಿಂದ ಬಿಟ್ಟು, ಉಳಿದದ್ದನ್ನೆಲ್ಲ ಒಂದು ಪುಟ್ಟ ತಾಮ್ರದ ಬಕೆಟ್ಟಿಗೆ ಇಳಿಸಿಕೊಳ್ಳುತ್ತಾರೆ. ಆ ಬಕೆಟ್ಟಿನ ತಳಕ್ಕೆ ಒಂದು ಬಳೆ, ಬಳೆಗೆ ಇನ್ನೊಂದು ದಾರ. ನೀರಿನ ಮಟ್ಟಕ್ಕೆ ಇಳಿಸಿ ತಳದ ದಾರವನ್ನು ಎಳೆದರೆ ಬಕೆಟ್ಟು ಅಲ್ಲೇ ಮೆಲ್ಲಗೆ ಮಗುಚಿಕೊಳ್ಳುತ್ತದೆ. ಮೇಲಿನಿಂದ ಎಸೆಯಬಾರದು, ಬಿದ್ದ ಪೆಟ್ಟಿಗೇ ಸಾಯುವಂಥ ಜೀವಗಳು ಅವು. ಬೇರೆ ನೀರಿಗೂ ಬಿಡಬಾರದು. ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಹೋಗಬೇಕು.

ಚನ್ನರಾಯಪಟ್ಟಣದಿಂದ ಬೆಳಗೊಳಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ ಒಂದಿಷ್ಟು ಒಳಗೆ ಬಂದರೆ ನಮ್ಮ ಬಸ್ತಿಕೊಪ್ಪಲು. ಊರ ನಡುವೆ ಸಣ್ಣ ಬಸದಿ, ಅದರ ಸುತ್ತ ಕೆಲವು ಜೈನರ ಮನೆಗಳು, ಆಚೆಗೆ ನಾವೆಲ್ಲ. ಅನಂತಮತಮ್ಮನವರ ಮನೆ ಕೊನೆಯದು, ಕೆರೆ ಏರಿಯ ಬುಡದಲ್ಲಿ. ಕೆರೆ ತುಂಬಿದರೆ ಅವರ ಬಾವಿ ತುಂಬುತ್ತದೆ, ಕೆರೆ ಇಳಿದರೆ ಬಾವಿಯೂ ಇಳಿಯುತ್ತದೆ.

ಅವರು ಹುಟ್ಟಿದ್ದು ಹೊಳೆನರಸೀಪುರದಲ್ಲಿ, ಹೇಮಾವತಿ ಹೊಳೆಗೆ ಕೂಗಿದರೆ ಕೇಳುವಷ್ಟು ಹತ್ತಿರ. ಮದುವೆಯಾಗಿ ಬಂದ ಮರುದಿನವೇ ಅತ್ತೆ ಆ ತಾಮ್ರದ ಬಕೆಟ್ಟನ್ನು ಕೈಗೆ ಕೊಟ್ಟು, "ಈ ಮನೇಲಿ ಸೊಸೆಗೆ ಕೊಡೋ ಬೀಗದ ಕೈ ಇದೇ" ಅಂದರಂತೆ. ಗಂಡ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಒಬ್ಬಳೇ ಮಗಳು, ಹಾಸನದಲ್ಲಿ ಟೀಚರು. ಗಂಡ ಹೋದ ಮೇಲೆ ಮಗಳು ಕರೆದಳು. ಇವರು ಹೋಗಲಿಲ್ಲ. ಅದಕ್ಕೂ ಕಾರಣ ಬಾವಿಯೇ. ಕೈಯಾರೆ ಸೇದಿ ತಾನೇ ಗಾಳಿಸಿದ ಬಾವಿ ನೀರಲ್ಲದೆ ಬೇರೆ ಕುಡಿಯುವುದಿಲ್ಲವೆಂದು ಮುನಿಗಳೊಬ್ಬರ ಮುಂದೆ ವ್ರತ ತೆಗೆದುಕೊಂಡಿದ್ದರು. ಹಾಸನದ ಮೂರನೇ ಮಹಡಿಯಲ್ಲಿ ಬಾವಿ ಎಲ್ಲಿಂದ ಬರಬೇಕು?

ನಾನು ಅವರ ಪಕ್ಕದ ಮನೆಯವಳು. ಸಂಜೆ ಅವರ ಜಗಲಿಯಲ್ಲಿ ಕೂತು ಇಬ್ಬರೂ ದೀಪದ ಬತ್ತಿ ಹೊಸೆಯುತ್ತೇವೆ, ಅವರು ಬಸದಿಗೆ, ನಾನು ನಮ್ಮ ಮನೆದೇವರಿಗೆ. ಇಲ್ಲಿ ಬರೆದಿರುವುದರಲ್ಲಿ ಅರ್ಧ ನಾನು ನೋಡಿದ್ದು, ಅರ್ಧ ಹೊಸೆಯುತ್ತ ಕೇಳಿದ್ದು.

ಹೋದ ವರ್ಷ ಶ್ರಾವಣದಲ್ಲಿ ಬಟ್ಟೆಯ ಮೇಲೆ ಹುಳ ಕಾಣುವುದು ಕಡಿಮೆಯಾಯಿತು. ಮೊದಲೆಲ್ಲ ಎಳೆಯಂಥ ಕೆಂಪು ಹುಳ, ಚುಕ್ಕೆಯ ಹಾಗೆ ಕುಪ್ಪಳಿಸುವ ನೀರುಚಿಗಟ, ಮಳೆ ಬಂದ ಮೇಲೆ ಒಂದೊಂದು ಗೊದಮೊಟ್ಟೆ ಸಿಗುತ್ತಿದ್ದವು. ಭಾದ್ರಪದದ ಹೊತ್ತಿಗೆ ಬಟ್ಟೆ ಪೂರ್ತಿ ಖಾಲಿ. ನೀರಂತೂ ಕನ್ನಡಿಯ ಹಾಗೆ, ಬಾವಿಯ ತಳದ ಕಲ್ಲು ಎಣಿಸಬಹುದು. ಅನಂತಮತಮ್ಮನವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಇಷ್ಟು ವರ್ಷ ಜೀವಗಳನ್ನು ಕಾದದ್ದಕ್ಕೆ ಫಲ ಬಂತು, ಇನ್ನು ತನ್ನ ಕೈಯಿಂದ ಒಂದು ಹುಳಕ್ಕೂ ನೋವಾಗದಂತೆ ಬಾವಿಯೇ ನಿರ್ಮಲವಾಯಿತು ಅಂದುಕೊಂಡರು. ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಸೇರಿದವರಿಗೆಲ್ಲ ಹೇಳಿದರು. ಹೆಂಗಸರು ಬಂದು ಬಾವಿಗೆ ಕೈಮುಗಿದು ಹೋದರು. ನಾನೂ ಮುಗಿದೆ. ಕಪ್ಪೆ ಕೂಗದೆ ಎಷ್ಟು ದಿನವಾಯಿತು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಬಟ್ಟೆ ಪಿಸಿಯತೊಡಗಿತು. ಮಹಾವೀರ ಜಯಂತಿಗೆ ಹೊಸ ಬಟ್ಟೆ ತಂದರೆ ಮುಂದಿನ ಜಯಂತಿಯವರೆಗೆ ಬರಬೇಕು. ಆ ಸಲ ದೀಪಾವಳಿಗೆ ಮೊದಲೇ ನಡುವೆ ತೂತಾಯಿತು. ತೂತಿನ ಅಂಚು ಅರಿಸಿನ ಮೆತ್ತಿದ ಹಾಗೆ ಹಳದಿ. ಅವರಿಗೆ ಮೊದಲು ಅನುಮಾನ ಬಂದದ್ದು ಬಟ್ಟೆ ಮಾರಿದ ಇಂದ್ರಕುಮಾರ್ ಮೇಲೆ. ನೀರಿನ ತಂಬಿಗೆ ಹಿಡಿದುಕೊಂಡು ಬಸ್ಸು ಹತ್ತಿ ಚನ್ನರಾಯಪಟ್ಟಣದ ಅಂಗಡಿಗೆ ಹೋದರು.

"ಏನ್ ಇಂದ್ರಕುಮಾರ, ಈ ಸಲ ಬಟ್ಟೆ ಎಲ್ಲಿಂದ ತರಿಸಿದೆ? ಮಿಲ್ಲಿಂದಲೋ ಚಿಂದಿ ಮೂಟೆಯಿಂದಲೋ?"

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಬೈಯೋಕೆ ಬಂದ್ರೂ ಕೂತ್ಕೊಂಡೇ ಬೈಬೇಕು, ನಮ್ಮಂಗಡಿ ಪದ್ಧತಿ ಅದು."

"ಕೂತ್ರೆ ಸಿಟ್ಟು ಇಳಿದೋಗ್ತದೆ. ಮೊದ್ಲು ಇದನ್ನ ನೋಡು."

ಇಂದ್ರಕುಮಾರ್ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಸದ್ದೇ ಬರಲಿಲ್ಲ, ಒದ್ದೆ ಕಾಗದದ ಹಾಗೆ ಬಿಟ್ಟುಕೊಂಡಿತು. ಅವರು ಅಂಗಡಿಯ ಮೇಲಿನ ಮನೆಗೆ ಕೂಗಿ, ತಮ್ಮ ಹೆಂಡತಿ ನೀರು ಗಾಳಿಸುವ ಬಟ್ಟೆಯನ್ನು ತರಿಸಿದರು. ಅದನ್ನೂ ಎಳೆದರು. ಕಾಲಲ್ಲಿ ಒತ್ತಿ ಹಿಡಿದು ಎಳೆದರೂ ಹರಿಯಲಿಲ್ಲ.

"ಅದು ಬೇರೆ ಥಾನಿಂದು" ಅಂದರು ಅನಂತಮತಮ್ಮ.

"ಒಂದೇ ಥಾನು ಅಕ್ಕಾ. ಅಂಚಿನ ನೀಲಿ ದಾರ ನೋಡಿ. ಜಯಂತಿಗೆ ನಿಮ್ಗೂ ಅವಳ್ಗೂ ಒಟ್ಟಿಗೇ ಕತ್ತರಿಸಿದ್ದು. ನೀವೇನಾದ್ರೂ ಬ್ಲೀಚಿಂಗ್ ಪೌಡ್ರು ಹಾಕಿ ತೊಳೆದ್ರಾ?"

"ಅದಕ್ಕೆ ನಾನು ಸೋಪೇ ಸೋಕ್ಸಲ್ಲ."

"ಹಂಗಾದ್ರೆ ಬಟ್ಟೆನ ಬೈಯೋದು ಬಿಡಿ ಅಕ್ಕಾ..."

ಮುಂದಿನ ಮಾತು ಅವರ ಬಾಯಿಗೆ ಬಂದಿತ್ತು. ಆಡಲಿಲ್ಲ. ಹೊಸದೊಂದು ಬಟ್ಟೆ ಕತ್ತರಿಸಿ ಕೊಟ್ಟು, ಥಾನು ಸುತ್ತಿ ಒಳಗಿಟ್ಟು ಬೇರೆ ವಿಷಯ ತೆಗೆದರು. ಅನಂತಮತಮ್ಮ ಬಸ್ಸಿನಲ್ಲಿ ಕೂತು ಆ ಆಡದ ಮಾತನ್ನೇ ಯೋಚಿಸಿದರು. ಕೆರೆಗೆ ನೀರು ಬರುವ ಹಳ್ಳದ ಮೇಲ್ಗಡೆ, ದಿಣ್ಣೆಯಾಚೆ, ಕೆಲವು ವರ್ಷದಿಂದ ಒಂದು ಕೆಮಿಕಲ್ ಕಾರ್ಖಾನೆ ಇದೆ. ಔಷಧಿಗೆ ಬೇಕಾದ ಪುಡಿ ಮಾಡುತ್ತಾರಂತೆ, ಊರವರು ಪುಡಿ ಫ್ಯಾಕ್ಟರಿ ಅನ್ನುತ್ತಾರೆ. ಒಂದು ತೊಟ್ಟು ಕೊಳೆ ನೀರೂ ಗೇಟು ದಾಟುವುದಿಲ್ಲವೆಂದು ದೊಡ್ಡ ಬೋರ್ಡು ಹಾಕಿದ್ದಾರೆ. ಬಸದಿಗೆ ಹೊಸ ಕಲ್ಲುಹಾಸು ಹಾಕಿಸಿಕೊಟ್ಟದ್ದು ಅವರೇ. ಹೋಗಿ ಕೇಳಿದ್ದು ಬಸದಿ ಕಮಿಟಿಯಲ್ಲಿರುವ ಇದೇ ಇಂದ್ರಕುಮಾರ್.

ಇಂದ್ರಕುಮಾರ್ ತೆಗೆದ ಆ ಬೇರೆ ವಿಷಯ ಸಣ್ಣದೇನಲ್ಲ. ಚಾತುರ್ಮಾಸ ಮುಗಿದ ಮೇಲೆ ಮಾತಾಜಿಯೊಬ್ಬರು, ಅಂದರೆ ದೀಕ್ಷೆ ಪಡೆದ ಜೈನ ಸನ್ಯಾಸಿನಿ, ಬರಿಗಾಲಲ್ಲಿ ಬೆಳಗೊಳಕ್ಕೆ ಹೊರಡುತ್ತಾರೆ, ಮಾರ್ಗಶಿರದಲ್ಲಿ ಒಂದು ದಿನ ಬಸ್ತಿಕೊಪ್ಪಲಿನ ಬಸದಿಯಲ್ಲಿ ಉಳಿಯುತ್ತಾರೆ. ಅವರಿಗೆ ದಿನಕ್ಕೆ ಒಂದೇ ಹೊತ್ತು ಆಹಾರ, ಒಂದೇ ಸಲ ನೀರು. ಬೋರ್‌ವೆಲ್ ನೀರು ಒಲ್ಲರು, ಸೇದುವ ಬಾವಿಯದೇ ಆಗಬೇಕು. "ಊರಲ್ಲಿ ಸೇದೋ ಬಾವಿ ಅಂತ ಉಳಿದಿರೋದು ನಿಮ್ದೊಂದೇ ಅಕ್ಕಾ. ಆಹಾರದಾನ ನಿಮ್ಮನೇಲೇ. ಪುಣ್ಯ ಹುಡುಕ್ಕೊಂಡು ಬಂದಿದೆ" ಅಂದಿದ್ದರು.

ಬದುಕಿನಲ್ಲಿ ಒಂದು ಸಲವಾದರೂ ತಮ್ಮ ಬಾಗಿಲಲ್ಲಿ ಒಬ್ಬ ತ್ಯಾಗಿಗೆ ಆಹಾರ ಆಗಬೇಕೆಂದು ಅನಂತಮತಮ್ಮ ಹಂಬಲಿಸಿದ್ದು ನನಗೆ ಗೊತ್ತು. ಅದಕ್ಕೊಂದು ಕ್ರಮವಿದೆ. ಮನೆಯವರು ಮಡಿಯುಟ್ಟು ಕಳಶ ಹಿಡಿದು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕು. ಊಟಕ್ಕೆ ಮೊದಲು ತ್ಯಾಗಿಯ ಮುಂದೆ ಬಾಯಿಬಿಟ್ಟು ಹೇಳಬೇಕು: ನನ್ನ ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಆಹಾರ ಮತ್ತು ಜಲ ಶುದ್ಧ. ಆ ಮಾತು ಕೇಳಿದ ಮೇಲೇ ಅವರು ಕೈಯೊಡ್ಡುವುದು. ಕೇಳದಿದ್ದರೆ ಆ ದಿನ ಉಪವಾಸ.

"ಜಲ ಶುದ್ಧ ಅಂತ ನಾನು ಹೇಳ್ಬೇಕಲ್ಲೇ" ಅಂದರು ನನ್ನ ಹತ್ತಿರ, ತೂತು ಬಟ್ಟೆಯನ್ನು ಮಡಿಲಲ್ಲಿ ಹರಡಿಕೊಂಡು. ಅಲ್ಲಿಂದ ಅವರಿಗೆ ನೆಮ್ಮದಿಯಿಲ್ಲ. ಯಾರನ್ನು ನೋಡಿದರೂ ಅನುಮಾನ.

ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಲಕ್ಕಯ್ಯನ ಮೇಲೆ ಬಂತು. ಅವನು ಔಷಧಿ ಹೊಡೆಯುವ ಪಂಪನ್ನು ಕೆರೆಯಲ್ಲೇ ತೊಳೆಯುತ್ತಾನೆ ಎಂದು ಯಾರೋ ಅಂದಿದ್ದರು. ಏರಿ ಹತ್ತಿ ಹೋಗಿ ಕೇಳಿದರು. ಲಕ್ಕಯ್ಯ ಎಮ್ಮೆಯ ಹಗ್ಗ ಹಿಡಿದು ದಡದಲ್ಲೇ ನಿಂತಿದ್ದ. ಎಮ್ಮೆ ನೀರಿಗೆ ಮೂಗು ತಂದು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು.

"ಪಂಪು ತೊಳೆಯೋದು ನೀನಂತೆ?"

"ಅಯ್ಯೋ ಅಮ್ಮಾವ್ರೇ, ನನ್ನ ಪಂಪು ಕೆಟ್ಟು ಅಟ್ಟ ಸೇರೈತೆ. ನೀವು ಬಂದು ನೋಡಿ ಬೇಕಾರೆ. ಅದ್ಸರಿ, ನಿಮ್ಮ ಬಾವಿ ಉಳ ಎಲ್ಲಾ ದೀಕ್ಷೆ ತಕ್ಕಂಡು ಓದ್ವಂತೆ? ಊರೆಲ್ಲಾ ಅದೇ ಮಾತು."

"ತಮಾಷೆ ಬೇಡ ಲಕ್ಕಯ್ಯ."

"ತಮಾಷೆ ಅಲ್ಲ ಕಣಮ್ಮ. ಕೆರೆ ಮೀನೂ ದೀಕ್ಷೆ ತಕ್ಕಂಡವೆ. ಆಳದ್ ಕಡೆ ಓಗಿ ನೋಡಿ, ಒಟ್ಟೆ ಮೇಲ್ಮಾಡ್ಕೊಂಡು ಮಲಗವೆ." ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ನನ್ನ ಕೇಳೋ ಬದ್ಲು ನಿಮ್ಮ ಮೈದುನನ ಮಗನ್ನ ಕೇಳಿ. ಖಾಲಿ ಟ್ಯಾಂಕರು ಎಂಗೆ ಓಗ್ತದೆ? ಗಡಗಡ ಅಂತ ಊರೆಲ್ಲ ಎಬ್ಬಿಸ್ಕೊಂಡು ಓಗ್ತದೆ. ಅವ್ನ ಗಾಡಿ ಫ್ಯಾಕ್ಟ್ರಿಗೆ ಓಗೋವಾಗ್ಲೂ ಸದ್ದಿಲ್ಲ, ಬರೋವಾಗ್ಲೂ ಸದ್ದಿಲ್ಲ."

ಮೈದುನನ ಮಗ ಅಂದರೆ ಮಹಾವೀರ. ಟ್ಯಾಂಕರ್ ಇಟ್ಟುಕೊಂಡು ಫ್ಯಾಕ್ಟರಿಗೆ ನೀರು ಹೊಡೆಯುತ್ತಾನೆ. ಚಿಕ್ಕಂದಿನಲ್ಲಿ ಅವನಮ್ಮ ಹೊಲಕ್ಕೆ ಹೋದಾಗಲೆಲ್ಲ ಅನಂತಮತಮ್ಮನ ಸೊಂಟದ ಮೇಲೇ ಬೆಳೆದವನು. ಬೆಳಗ್ಗೆ ತುಂಬಿದ ಟ್ಯಾಂಕರ್ ಹೋಗುವುದನ್ನು ಊರೆಲ್ಲ ನೋಡುತ್ತದೆ. ಬರುವಾಗ ಖಾಲಿ ಎಂದು ಎಲ್ಲರೂ ಅಂದುಕೊಂಡಿದ್ದೇವೆ, ಯಾರೂ ಕೇಳಿಲ್ಲ.

ಅನಂತಮತಮ್ಮ ಲಕ್ಕಯ್ಯನ ಮಾತು ನಂಬಲಿಲ್ಲ. ಒಂದು ಬೇಸಿಗೆಯಲ್ಲಿ ಕೆರೆಯಿಂದ ಟ್ಯಾಂಕರ್ ತುಂಬಲು ಬಿಡಲಿಲ್ಲವೆಂದು ಲಕ್ಕಯ್ಯನೂ ಮಹಾವೀರನೂ ಕೈಕೈ ಮಿಲಾಯಿಸಿದ್ದರು. ಹಳೇ ಸಿಟ್ಟು ಆಡಿಸುತ್ತಿದೆ ಅಂದುಕೊಂಡರು. ಆದರೂ ಮರುದಿನ ಬತ್ತಿ ಹೊಸೆಯುತ್ತಿದ್ದಾಗ ರಸ್ತೆಯಲ್ಲಿ ಟ್ಯಾಂಕರ್ ಬಂತು. ಅವರ ಕೈ ನಿಂತಿತು. ನಾನೂ ಕಿವಿ ಕೊಟ್ಟೆ. ಎಂಜಿನ್ನಿನ ಸದ್ದು ಇತ್ತು. ತಗಡಿನ ಸದ್ದು ಇರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ಮತ್ತೆ ಹತ್ತಿ ಬಿಡಿಸತೊಡಗಿದರು.

ಕಾರ್ತಿಕದ ಕೊನೆಯಲ್ಲಿ ಒಂದು ದಿನ ಜೋರು ಮಳೆಯಾಯಿತು. ಮರುಬೆಳಗ್ಗೆ ಹಿತ್ತಿಲಿಂದ ಅವರು ನನ್ನನ್ನು ಕೂಗಿದ ರೀತಿಗೆ ಬಿದ್ದರೇನೋ ಎಂದು ಓಡಿದೆ. ಬಟ್ಟೆಯ ಮೇಲೆ ಒಂದು ಕೆಂಪೆಳೆ ಅಲುಗುತ್ತಿತ್ತು. ಒಂದೇ ಒಂದು ಹುಳ.

"ಬಂತು ನೋಡೇ" ಅಂದರು. ಮಗಳಿಗೆ ಮಗು ಹುಟ್ಟಿದ ಸುದ್ದಿ ಬಂದಾಗಲೂ ಅವರ ಮುಖ ಹಾಗೆ ಅರಳಿರಲಿಲ್ಲ. ತಾಮ್ರದ ಬಕೆಟ್ಟಿಗೆ ಇಳಿಸಿಕೊಂಡು, ಎರಡೂ ದಾರ ಹಿಡಿದು ಬಾವಿಯೊಳಕ್ಕೆ ಬಿಡತೊಡಗಿದರು. ನಡುವೆ ಕೈ ತಡೆಯಿತು. ಬಕೆಟ್ಟನ್ನು ಮೇಲಕ್ಕೆ ಎಳೆದುಕೊಂಡರು.

"ಇದನ್ನ ಎಲ್ಲಿ ಬಿಡ್ಲಿ? ಇದರಲ್ಲೇ ಬಿಟ್ರೆ ಸಾಯ್ತದೆ. ಬೇರೆ ನೀರಿಗೆ ಬಿಟ್ರೂ ಸಾಯ್ತದೆ. ಎಲ್ಲಿ ಬಿಡ್ಲಿ ಹೇಳು."

ಬಕೆಟ್ಟನ್ನು ಕರಿಬೇವಿನ ಗಿಡದ ನೆರಳಲ್ಲಿ ಇಟ್ಟರು. ಅಡುಗೆ ಬಿಟ್ಟು ಅದರ ಪಕ್ಕದಲ್ಲೇ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಅಲುಗುವುದು ನಿಂತಿತು. ಅವರು ಒಳಗೆ ಹೋಗಿ ತಪ್ಪೊಪ್ಪಿಗೆಯ ಪ್ರತಿಕ್ರಮಣ ಪಾಠ ಹೇಳಿಕೊಂಡರು, ಆ ದಿನ ಊಟ ಮಾಡಲಿಲ್ಲ. ಆಮೇಲೆ ಬಾವಿ ನೀರು ಕುಡಿಯುವುದನ್ನೂ ಬಿಟ್ಟರು. ತೋಟದ ಎಳನೀರು ಕುಡಿದು ಇದ್ದರು. ನಾಲ್ಕು ದಿನ ಹೋದ ಮೇಲೆ ಎಳನೀರನ್ನೂ ಬೆಳಕಿಗೆ ಹಿಡಿದು ನೋಡುವುದು ಶುರುವಾಯಿತು. "ಮರ ಕುಡಿಯೋದೂ ಅದೇ ನೀರಲ್ವ?" ಎಂದು ಕೇಳಿದರು. ನೀರು ಗಾಳಿಸುವುದನ್ನು ಮಾತ್ರ ಬಿಡಲಿಲ್ಲ. ಗಾಳಿಸಿ, ಬಟ್ಟೆ ನೋಡಿ, ಖಾಲಿ ಬಟ್ಟೆಯ ನೀರನ್ನೂ ಬಾವಿಗೆ ಇಳಿಸಿ ಬರುತ್ತಿದ್ದರು.

ಕಮಿಟಿಗೆ ಹೋಗಿ ಹೇಳಿದರು. ಇಂದ್ರಕುಮಾರ್ ಮತ್ತಿತರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪರ್ವದಲ್ಲಿ ನೀವೇ ಹೇಳಿದ್ರಲ್ಲಾ ಅಕ್ಕಾ, ಬಾವಿ ನಿರ್ಮಲ ಆಯ್ತು ಅಂತ. ಅದನ್ನ ನಂಬಿ ಮಾತಾಜಿ ಸಂಘಕ್ಕೂ ಹೇಳಿಬಿಟ್ಟಿದೀವಿ. ಅವರು ಬಂದು ಹೋಗ್ಲಿ, ಆಮೇಲೆ ನೋಡೋಣ" ಅಂದರು. ಎರಡು ದಿನಕ್ಕೆ ಫ್ಯಾಕ್ಟರಿಯಿಂದ ಅಚ್ಚುಕಟ್ಟಾದ ಅಂಗಿ ತೊಟ್ಟ ಒಬ್ಬರು ಬಂದರು. ಕಮಿಟಿಗೆ ಹೇಳಿದ್ದು ಇವರಿಗೆ ಹೇಗೆ ಗೊತ್ತಾಯಿತೆಂದು ಅನಂತಮತಮ್ಮ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಬಾವಿ ನೀರನ್ನು ಬಾಟಲಿಗೆ ತುಂಬಿ ಬಿಸಿಲಿಗೆ ಹಿಡಿದು, "ಎಷ್ಟು ತಿಳಿಯಾಗಿದೆ ನೋಡಿ ಅಮ್ಮಾ, ಒಂದು ಕಸ ಇಲ್ಲ, ಒಂದು ಹುಳ ಇಲ್ಲ" ಅಂದರು.

"ಅದಕ್ಕೇ ಕೇಳ್ತಿರೋದಪ್ಪ" ಅಂದರು ಅನಂತಮತಮ್ಮ.

ಅವರು ನಕ್ಕು ಬಾಟಲಿ ತೆಗೆದುಕೊಂಡು ಹೋದರು. ಹೋಗುವಾಗ ಬಾವಿಯ ಕಟ್ಟೆಯ ಮೇಲೆ ಚೆಲ್ಲಿದ್ದ ನೀರನ್ನು ದಾಟಿ, ಒಣನೆಲ ನೋಡಿ ಕಾಲಿಟ್ಟುಕೊಂಡು ಹೋದದ್ದನ್ನು ಇಬ್ಬರೂ ನೋಡಿದೆವು.

ಮಾತಾಜಿ ಬರುವುದಕ್ಕೆ ವಾರವಿರುವಾಗ ಅನಂತಮತಮ್ಮ ಮಹಾವೀರನ ಮನೆಗೆ ಕರಿಬೇವು ಕೊಡಲು ಹೋದರು. ಅವನ ಹೆಂಡತಿ ಸಿದ್ಧಿ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹಗ್ಗದ ಮೇಲೆ ಮಹಾವೀರನ ಎರಡು ಪ್ಯಾಂಟು. ಎರಡರ ಕಾಲಿನ ಅಂಚೂ ಜಾಲರಿಯ ಹಾಗೆ ತೂತು.

"ಹೊಸಾದು ದೊಡ್ಡತ್ತೆ, ದೀಪಾವಳಿಗೆ ತಗೊಂಡಿದ್ದು" ಅಂದಳು ಸಿದ್ಧಿ. "ಸೋಪು ಸರಿಯಿಲ್ಲ ಅಂತ ಸೋಪು ಬದಲಾಯ್ಸಿದೆ. ಆದ್ರೂ ಹಿಂಗೇ. ಇಲಿ ಇರ್ಬೋದಾ ಅಂತಲೂ ನೋಡ್ದೆ."

ಅನಂತಮತಮ್ಮ ಸೊಂಟದಿಂದ ತಮ್ಮ ಬಟ್ಟೆಯ ಚೂರನ್ನು ತೆಗೆದು ಪ್ಯಾಂಟಿನ ಅಂಚಿನ ಪಕ್ಕದಲ್ಲಿ ಹಿಡಿದರು. ಅದೇ ಹಳದಿ. ಅದೇ ಪಿಸಿದ ಎಳೆ. ಸಿದ್ಧಿ ಒಂದು ಸಲ ಅದನ್ನೂ ಒಂದು ಸಲ ಇವರ ಮುಖವನ್ನೂ ನೋಡಿದಳು. ಇನ್ನೂ ಹಸಿಯಾಗಿದ್ದ ಪ್ಯಾಂಟುಗಳನ್ನು ಹಗ್ಗದಿಂದ ಎಳೆದು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಅವರನ್ನ ಏನೂ ಕೇಳ್ಬೇಡಿ ದೊಡ್ಡತ್ತೆ. ಆ ಗಾಡಿ ಬಿಟ್ರೆ ನಮಗಿನ್ನೇನಿದೆ?"

ಅಷ್ಟರಲ್ಲಿ ಮಹಾವೀರನೇ ಬಂದ. ದೊಡ್ಡಮ್ಮನನ್ನು ಕಂಡು, "ಏನ್ ದೊಡ್ಡಮ್ಮ, ಅಡುಗೆಗೆ ಕಟ್ಟಿಗೆ ಬೇಕಾ, ಚಪ್ಪರ ಬೇಕಾ? ಎಲ್ಲಾ ನನ್ನ ಜವಾಬ್ದಾರಿ" ಅಂದ.

"ಬರೋವಾಗ ನಿನ್ನ ಗಾಡೀಲಿ ಏನಿರ್ತದೆ ಮಹಾವೀರ?"

"ಏನಿರ್ತದೆ? ಗಾಳಿ."

"ಗಾಳಿ ತುಂಬಿದ್ರೆ ತಗಡು ಸದ್ದು ಮಾಡ್ಬೇಕಲ್ಲ ಮಗ."

ಮಹಾವೀರ ಸಿದ್ಧಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತ.

"ಪಾತ್ರೆ ತೊಳೆದ ನೀರು ಕಣ್ ದೊಡ್ಡಮ್ಮ, ಅಷ್ಟೇ. ಕೆಟ್ಟದ್ದಲ್ಲ ಅಂತ ಪೇಪರ್ ಕೊಟ್ಟವ್ರೆ."

"ಓದಿದೀಯಾ?"

"ಇಂಗ್ಲಿಷ್‌ನಲ್ಲಿದೆ."

"ಎಲ್ಲಿಗೆ ಹುಯ್ತೀಯ?"

"ಕೆರೆಗಲ್ಲಪ್ಪ! ಊರ ಈ ಕಡೆ ದಾರೀಲಿ ಹತ್ತಿ, ದಿಣ್ಣೆ ಮೇಲಿನ ಹಳೇ ಕಲ್ಲುಕ್ವಾರಿಗೆ. ಅದು ಬರೀ ಬಂಡೆ, ಒಂದು ತೊಟ್ಟೂ ಇಂಗಲ್ಲ ಅಂತ ಅವರೇ ತೋರಿಸಿದ್ದು."

"ನಮ್ಮ ಬಾವಿ ತೋಡಿದ್ದು ನಿಮ್ತಾತ. ಬರೀ ಬಂಡೆ, ಬಿಟ್ಬಿಡಿ ಅಂದಿದ್ರಂತೆ ಎಲ್ರೂ. ಬಂಡೆ ಸೀಳಲ್ಲೇ ನೀರು ಬಂತು. ಎಲ್ಲಿಂದ ಬಂತು ಅಂತ ಕೇಳಿದ್ಯಾ?"

ಮಹಾವೀರ ದನಿ ತಗ್ಗಿಸಿ, "ನಾನು ಬಿಟ್ರೆ ಇನ್ನೊಬ್ಬ ಹೊಡೀತಾನೆ ದೊಡ್ಡಮ್ಮ. ನೀವು ಯಾರಿಗೂ ಹೇಳ್ಬೇಡಿ. ಮಾತಾಜಿ ಬರೋ ದಿನಕ್ಕೆ ನೀರಿನ ಯೋಚ್ನೆ ನಂಗ್ ಬಿಡಿ" ಅಂದ.

ಅನಂತಮತಮ್ಮ ಹಿಂದಿರುಗಿ ಬರುವಾಗ ದಾರಿ ತಪ್ಪಿದವರ ಹಾಗೆ ಏರಿಯ ಮೇಲೆ ಬಹಳ ಹೊತ್ತು ಕೂತಿದ್ದರು. ಕೆರೆ ನೋಡಲು ಎಂದಿನಂತೆಯೇ ಇತ್ತು. ಲಕ್ಕಯ್ಯನ ಎಮ್ಮೆಯೊಂದೇ ಅದನ್ನು ನಂಬುತ್ತಿರಲಿಲ್ಲ.

ಆ ವಾರವೆಲ್ಲ ಊರು ಒಂದು ಥರ ಇತ್ತು. ಇವರು ಬಾಗಿಲಲ್ಲಿ ನಿಲ್ಲುತ್ತಾರೋ ಇಲ್ಲವೋ ಎಂದು ಎಲ್ಲರಿಗೂ ಕುತೂಹಲ, ಕೇಳುವ ಧೈರ್ಯ ಯಾರಿಗೂ ಇಲ್ಲ. ಯಾರಾದರೂ ಬಾವಿಯ ಕಡೆ ಬಂದರೆ ಅನಂತಮತಮ್ಮ ಕೆಲಸ ಬಿಟ್ಟು, ಒಳಗೆ ಏನಾದರೂ ಹಾಕಿಯಾರೆಂದು ಅವರ ಕೈ ನೋಡುತ್ತಿದ್ದರು. ಒಂದು ದಿನ ನಾನು ಅವರ ಬಿಂದಿಗೆ ವಾಪಸು ಕೊಡಲು ಹೋದಾಗ ನನ್ನ ಕೈಯನ್ನೂ ನೋಡಿದರು. ಆಮೇಲೆ ಅವರಿಗೇ ನಾಚಿಕೆಯಾಗಿ, "ಒಳಗೆ ಬಾರೇ" ಎಂದು ಕೈಹಿಡಿದು ಕರೆದುಕೊಂಡು ಹೋದರು.

ಮಾತಾಜಿ ಹಿಂದಿನ ಸಂಜೆಯೇ ಬಸದಿಗೆ ಬಂದರು. ಬೆಳಗ್ಗೆ ಬೀದಿಯಲ್ಲಿ ರಂಗೋಲಿ, ಮಾವಿನ ತೋರಣ. ಅನಂತಮತಮ್ಮ ಎಂದಿನಂತೆ ಎದ್ದು ನೀರು ಗಾಳಿಸಿದರು, ಬಟ್ಟೆ ನೋಡಿದರು, ಹುಳವಿಲ್ಲದ ಬಕೆಟ್ಟನ್ನು ಬಾವಿಗೆ ಇಳಿಸಿ ಮಗುಚಿದರು. ಮಡಿಸೀರೆ ಉಟ್ಟರು. ಒಲೆ ಹಚ್ಚಲಿಲ್ಲ. ಕಳಶ ಗೂಡಿನಲ್ಲೇ ಇತ್ತು.

ಆಗ ಮನೆ ಮುಂದೆ ಗೂಡ್ಸ್ ಆಟೋ ನಿಂತಿತು. ಮಹಾವೀರ ಮಡಿಪಂಚೆ ಉಟ್ಟಿದ್ದ. ಆಟೋದಲ್ಲಿ ತೊಳೆದು ಫಳಫಳಿಸುವ ಹಿತ್ತಾಳೆ ಕೊಡಗಳು, ಬಾಯಿಗೆ ಬಾಳೆಲೆ. ಸಿದ್ಧಿ ಒಂದು ಕೊಡವನ್ನು ಸೊಂಟಕ್ಕಿಟ್ಟುಕೊಂಡು ಇಳಿದಳು. ಎದುರು ಮನೆಗಳ ಬಾಗಿಲುಗಳಲ್ಲಿ ಜನ ನಿಂತರು.

"ನುಗ್ಗೇಹಳ್ಳಿ ಕಡೆ ಒಂದು ತ್ವಾಟದ ಬಾವಿ ದೊಡ್ಡಮ್ಮ" ಅಂದ ಮಹಾವೀರ. "ನಾನೇ ಕೈಯಾರೆ ಸೇದಿದ್ದು. ಟ್ಯಾಂಕರಲ್ಲಿ ತರಲಿಲ್ಲ, ಆಟೋ ಬಾಡಿಗೆ ಹಿಡ್ದೆ. ಇದರಲ್ಲಿ ಅಡುಗೆ ಮಾಡಿ, ಇದನ್ನೇ ಮಾತಾಜಿಗೆ ಕೊಡಿ. ಎಲ್ಲಾ ಶುದ್ಧ. ನೀವು ಧೈರ್ಯವಾಗಿ ಆ ಮಾತು ಹೇಳ್ಬೋದು."

ಅನಂತಮತಮ್ಮ ಹೊಸ್ತಿಲ ಒಳಗೇ ನಿಂತಿದ್ದರು. "ಗಾಳಿಸಿ ತಂದ್ಯಾ?"

"ಇಲ್ಲ, ಅದನ್ನ ನೀವೇ ಮಾಡ್ಬೇಕಲ್ಲ? ವ್ರತ ನಿಮ್ದು."

ಅವರು ಕೊಡದ ಬಾಳೆಲೆ ಸರಿಸಿ ಬಗ್ಗಿ ನೋಡಿದರು. ನಾನೂ ಜಗಲಿಯಿಂದ ಕತ್ತು ಚಾಚಿದೆ. ನೀರಿನ ಮೇಲ್ಮೈಯಲ್ಲಿ ಒಂದೆರಡು ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಎಷ್ಟೋ ತಿಂಗಳ ಮೇಲೆ ಕಂಡ ನೀರುಚಿಗಟ. ನೀರು ಒಳ್ಳೆಯದೇ. ಮಹಾವೀರ ಈ ಸಲ ಸುಳ್ಳು ಹೇಳಿರಲಿಲ್ಲ.

"ಗಾಳಿಸಿದ್ರೆ ಇವು ಬಟ್ಟೆ ಮೇಲೆ ಉಳೀತವೆ" ಅಂದರು ಅನಂತಮತಮ್ಮ. "ಇವನ್ನ ಎಲ್ಲಿ ಬಿಡ್ಲಿ?"

ಮಹಾವೀರನೂ ಆ ಮನೆಯಲ್ಲೇ ಬೆಳೆದವನು, ನಿಯಮ ಅವನಿಗೆ ಗೊತ್ತು.

"ನನ್ನ ಬಾವಿಗಾ?" ಅಂದರು ಅವರು.

"ಬಂದು ಹೋಗೋ ತನಕ ಸುಮ್ನಿರಿ ದೊಡ್ಡಮ್ಮ" ಎಂದ, ಬೀದಿಯ ಕಡೆ ಕಣ್ಣು ಹಾಯಿಸಿ, ಮೆಲ್ಲಗೆ. "ನೀವು ನಿಲ್ದಿದ್ರೆ ಯಾಕೆ ಅಂತ ಎಲ್ಲಾ ಕೇಳ್ತಾರೆ."

"ಕೇಳ್ಲಿ."

"ಮಾತಾಜಿ ಉಪವಾಸ ಹೋಗ್ತಾರೆ. ಆ ಪಾಪ ಯಾರಿಗೆ?"

"ಅವರಿಗೆ ಉಪವಾಸ ಹೊಸದಲ್ಲ ಮಗ. ನನಗೆ ಆ ಮಾತು ಹೇಳೋಕೆ ಬಾಯಿ ಬರ್ತಿಲ್ಲ. ನೀರು ನೀನು ಬೇರೆ ಕಡೆಯಿಂದ ತರ್ಬೋದು. ಈ ಬಾವಿ ಪಕ್ಕ ನಿಂತ್ಕೊಂಡು ಜಲ ಶುದ್ಧ ಅಂತ ನಾನು ಅಂದ್ರೆ, ನಾಳೆಯಿಂದ ಊರು ಇದನ್ನೇ ಶುದ್ಧ ಅಂತದೆ. ಒಂದ್ಸಲ ಅಂದು ಸಾಕಾಗಿದೆ ನನಗೆ."

ಬಸದಿಯಲ್ಲಿ ಗಂಟೆಯಾಯಿತು. ಮಾತಾಜಿ ಹೊರಟರೆಂದು ಯಾರೋ ಕೂಗಿದರು. ಸಿದ್ಧಿ ಕೊಡವನ್ನು ಸೊಂಟದಿಂದ ಇಳಿಸಲೂ ಆಗದೆ ಹೊರಲೂ ಆಗದೆ ನಿಂತಿದ್ದಳು. ಅನಂತಮತಮ್ಮ ಬಾಳೆಲೆಯನ್ನು ಮತ್ತೆ ಕೊಡದ ಬಾಯಿಗೆ ಸರಿಯಾಗಿ ಮುಚ್ಚಿ, ಅದರ ಮೇಲೆ ಒಮ್ಮೆ ಕೈಯಿಟ್ಟರು. ಒಳಗೆ ಹೋಗಿ ತಾಮ್ರದ ಬಕೆಟ್ಟನ್ನೂ ಅದರ ಎರಡು ದಾರಗಳನ್ನೂ ತಂದು ಮಹಾವೀರನ ಕೈಗೆ ಕೊಟ್ಟರು.

"ಬೇಡಪ್ಪ ನಿನ್ನ ನೀರು. ಎಲ್ಲಿಂದ ತಂದ್ಯೋ ಅಲ್ಲಿಗೇ ತಗೊಂಡು ಹೋಗು. ಮೇಲಿಂದ ಸುರೀಬೇಡ. ಇದರಲ್ಲಿ ತುಂಬಿ, ನೀರಿನವರೆಗೂ ಇಳಿಸಿ, ತಳದ ದಾರ ಎಳಿ."